ನಡುವೆ ಬಂದ ಚೆಂಡು

ಸಾಗರದ ಆಫೀಸರುಗಳ ಕ್ಲಬ್ಬಿನ ಅಂಗಳಕ್ಕೆ ಇನ್ನೂ ಬೆಳಕು ಸರಿಯಾಗಿ ಇಳಿದಿಲ್ಲ. ದುಗ್ಗಪ್ಪ ಮೊಣಕಾಲೂರಿ ಟೆನಿಸ್ ಕೋರ್ಟಿನ ಮೂಲೆಯೊಂದನ್ನು ಸಾರಿಸುತ್ತಿದ್ದಾರೆ. ಜರಡಿ ಹಿಡಿದ ಹುತ್ತದ ಮಣ್ಣು, ಸಗಣಿ, ಅಡಿಕೆ ಬೇಯಿಸಿ ಉಳಿದ ಚೊಗರು. ಮೂರನ್ನೂ ಹದವಾಗಿ ಕಲಸಿ ಬಳಿದರೆ ನೆಲ ಬಿರಿಯುವುದಿಲ್ಲ, ಚೆಂಡು ಸುಳ್ಳು ಹೇಳುವುದಿಲ್ಲ. ಮಳೆಗಾಲ ಮುಗಿದು ಇವತ್ತು ಸಂಜೆ ಮೊದಲ ಪಂದ್ಯ.

"ಮನೇಲಿ ಸಾರ್ಸಿ ಅಂದ್ರೆ ಸೊಂಟ ನೋವು. ಇಲ್ಲಿ ಎಂತ ನೋವೂ ಇಲ್ಲ," ಎಂದು ಚಹಾ ತಂದ ಹೆಂಡತಿ ಗುತ್ಯಮ್ಮ ಚುಚ್ಚುತ್ತಾರೆ.

"ನಿನ್ನ ಅಡುಗೆಮನೇಲಿ ಚೆಂಡು ಪುಟಿಯಲ್ವಲ್ಲ ಮಾರಾಯ್ತಿ!"

ಕೋರ್ಟು ಕಾಯುವ ಈ ಮನುಷ್ಯ ಒಂದು ಕಾಲದಲ್ಲಿ ವೃತ್ತಿಪರ ಡಬಲ್ಸ್ ಆಟಗಾರ ಎಂಬುದು ಊರಿನ ಹೆಚ್ಚಿನವರಿಗೆ ಗೊತ್ತಿಲ್ಲ. ಬೆಂಗಳೂರಿನ ಕ್ಲಬ್ಬೊಂದರಲ್ಲಿ ಚೆಂಡು ಹೆಕ್ಕುತ್ತಿದ್ದ ದುಗ್ಗಪ್ಪ ಮುಂದೆ ಅಲ್ಲೇ ಮಾರ್ಕರ್ ಆದರು. ಅಂದರೆ, ಸಂಬಳಕ್ಕೆ ಸದಸ್ಯರ ಜೊತೆ ಆಡುವವರು. ಆಗೆಲ್ಲ ಆಟದಿಂದ ಅನ್ನ ಉಣ್ಣುವವರಿಗೆ ದೊಡ್ಡ ಪಂದ್ಯಗಳ ಬಾಗಿಲು ಮುಚ್ಚಿರುತ್ತಿತ್ತು. ಅವರಿಗಿದ್ದದ್ದು ಮಾರ್ಕರುಗಳದೇ ಒಂದು ವಾರ್ಷಿಕ ಪಂದ್ಯ. ಅದರಲ್ಲಿ ಕೋಣಂದೂರಿನ ಹುಲಿಯಪ್ಪ ಅವರ ಜೊತೆಗಾರ. ಇಬ್ಬರೂ ಒಮ್ಮೆ ಫೈನಲ್‌ ತನಕ ಹೋದರು.

ಮಾರ್ಕರ್ ಕಲಿಯುವ ಮೊದಲ ಪಾಠ, ಜೊತೆಯಲ್ಲಿ ಆಡುವ ಸಾಹೇಬರಿಗೆ ನಡುವಿನ ಚೆಂಡನ್ನು ಬಿಟ್ಟುಕೊಡುವುದು. ಫೈನಲ್‌ನ ಕೊನೆಯ ಗಳಿಗೆಯಲ್ಲಿ ಚೆಂಡು ಸರಿಯಾಗಿ ಇಬ್ಬರ ನಡುವೆಯೇ ಬಂತು. ಇಬ್ಬರೂ ಮರ್ಯಾದೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಚೆಂಡು ಹೋಯಿತು, ಅದರ ಹಿಂದೆಯೇ ಕಪ್ಪೂ ಹೋಯಿತು.

"ನಾನು ಅವನ್ನ ಸಾಹೇಬ ಮಾಡ್ದೆ, ಅವ ನನ್ನ ಮಾಡ್ದ. ಇದ್ದಿದ್ದು ಇಬ್ರೂ ಆಳುಗಳು!" ದುಗ್ಗಪ್ಪ ನಗುತ್ತಾರೆ.

ಆಮೇಲೆ ಹದಿನಾರು ವರ್ಷ ಇಬ್ಬರೂ ಒಂದೇ ಬದಿಯಲ್ಲಿ ನಿಂತಿಲ್ಲ. ದುಗ್ಗಪ್ಪ ಸಾಗರಕ್ಕೆ ಬಂದರು, ಹುಲಿಯಪ್ಪ ಕೋಣಂದೂರಿನಲ್ಲಿ ಸೈಕಲ್ ಅಂಗಡಿ ಇಟ್ಟರು. ಇವತ್ತು ಶಿವಮೊಗ್ಗದ ಜೋಡಿ ಆಡಲು ಬರುತ್ತಿದೆ. ಇಲ್ಲಿನ ಡಾಕ್ಟರರ ಕಾಲು ಉಳುಕಿದೆ, ಅವರ ಜೊತೆಗಾರರಿಗೆ ಜ್ವರ. "ನಿಮ್ಮ ಹಳೇ ಜೊತೆಗಾರನ್ನ ಕರೆಸಿ, ನೀವಿಬ್ಬರೇ ಆಡಿಬಿಡಿ ದುಗ್ಗಪ್ಪ," ಎಂದಿದ್ದಾರೆ ಕ್ಲಬ್ಬಿನ ಕಾರ್ಯದರ್ಶಿ ಜಯಪ್ಪನವರು.

ಹೊಸನಗರದ ಮೇಲೆ ಬರುವ ಬಸ್ಸಿನಿಂದ ಹುಲಿಯಪ್ಪ ಇಳಿಯುತ್ತಾರೆ. ಕಂಕುಳಲ್ಲಿ ಟವೆಲ್ ಸುತ್ತಿದ ರ‍್ಯಾಕೆಟ್.

"ದುಗ್ಗಾ, ಇವತ್ತೂ ನನ್ನ ಸಾಹೇಬ ಮಾಡ್ಬೇಡ ಮತ್ತೆ."

"ಪಂಕ್ಚರ್ ಹಾಕೋ ಸಾಹೇಬನ್ನ ನಾನೆಲ್ಲೂ ಕಂಡಿಲ್ಲ. ಹೆದರ್ಬೇಡ."

ಆದರೆ ಹೆದರಿಕೆ ಇರುವುದು ದುಗ್ಗಪ್ಪನವರಿಗೇ. "ಗೆಲ್ಲೋದು ಹಾಗಿರ್ಲಿ. ನಡು ಚೆಂಡು ಬಂದಾಗ ಕಾಲು ಹಿಂದೆ ಹೋಗ್ಬಾರ್ದು, ಅಷ್ಟೇ," ಎನ್ನುತ್ತಾ ಸುಣ್ಣದ ಗೆರೆಯನ್ನು ಮತ್ತೊಮ್ಮೆ ಎಳೆಯುತ್ತಾರೆ.

ಸಂಜೆ, ಎರಡನೆಯ ಸೆಟ್‌ನಲ್ಲಿ ಆ ಚೆಂಡು ಬಂದೇ ಬರುತ್ತದೆ. ನೇರ, ನಟ್ಟನಡುವೆ. "ನಂದು!" ಎರಡು ಗಂಟಲು ಒಟ್ಟಿಗೆ ಕೂಗುತ್ತವೆ. ರ‍್ಯಾಕೆಟ್‌ಗಳು ಫಟಾರನೆ ಒಂದಕ್ಕೊಂದು ಬಡಿದು, ಚೆಂಡು ಇಬ್ಬರ ಕಾಲಬುಡದಲ್ಲೇ ಬೀಳುತ್ತದೆ. ಪಾಯಿಂಟ್ ಶಿವಮೊಗ್ಗದವರಿಗೆ. ಬೇಲಿಯಾಚೆ ಗುತ್ಯಮ್ಮ ಹಣೆ ಚಚ್ಚಿಕೊಳ್ಳುತ್ತಾರೆ.

ಪಂದ್ಯವನ್ನು ಇವರೇ ಗೆಲ್ಲುತ್ತಾರೆ. ಕತ್ತಲಾಗುವ ಮುಂಚೆ ಬಲೆ ಮಡಚುತ್ತಾ ದುಗ್ಗಪ್ಪ ಮಾತಾಡುವುದು ಮಾತ್ರ ಕಳೆದುಕೊಂಡ ಆ ಒಂದು ಪಾಯಿಂಟಿನ ಬಗ್ಗೆಯೇ.

"ಆವತ್ತು ಆ ಚೆಂಡಿಗೆ ದಿಕ್ಕಿರ್ಲಿಲ್ಲ. ಇವತ್ತು ನೋಡಿ, ಇಬ್ರು ವಾರಸುದಾರ್ರು!"