ಜುಸಿಲೇನಿಯ ಒಂದು ಚಮಚ ಹಾಲು

ಬೆಲೆಂ ನಗರದಲ್ಲಿ ನಮ್ಮ ಪಕ್ಕದ ಮನೆಯ ಜುಸಿಲೇನಿ ಮೀನು ಮಾರುವವಳು. ಅವಳ ಮಗಳು ಆ ವಾರವಷ್ಟೇ, ದಿನ ತುಂಬುವ ಎರಡು ತಿಂಗಳು ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಳು. ತಾಯಂದಿರು ಮನೆಯಲ್ಲಿ ಹಿಂಡಿಟ್ಟ ಹಾಲನ್ನು ಆ ಊರಲ್ಲಿ ಅಗ್ನಿಶಾಮಕ ದಳದವರೇ ಮನೆಮನೆಗೆ ಬಂದು ಆಸ್ಪತ್ರೆಗೆ ಒಯ್ಯುತ್ತಿದ್ದರು. ಆ ಬೆಳಿಗ್ಗೆ ಎಷ್ಟು ಹಿಂಡಿದರೂ ಹಾಲು ಹಿಡಿಯಲು ತೊಳೆದಿಟ್ಟಿದ್ದ ಕಾಫಿಪುಡಿಯ ಗಾಜಿನ ಬಾಟಲಿಯ ತಳದಲ್ಲಿ ಒಂದು ಚಮಚ ಹಳದಿ ಹಾಲು ಮಾತ್ರ ಇತ್ತು. ಅವಳ ಅಕ್ಕ ವಾಲ್ಡಿರೇನಿಯ ಮಗನಿಗೆ ಆಗಲೇ ವರ್ಷ ತುಂಬಿತ್ತು. ಅಕ್ಕನಿಗೆ ಹಾಲು ಧಾರಾಳವಾಗಿತ್ತು.

"ನಂದನ್ನೇ ಅದರ ಮೇಲೆ ಸುರಿ ಕಣೇ. ಯಾರಿಗೆ ಗೊತ್ತಾಗುತ್ತೆ?" ಎಂದಳು ಅಕ್ಕ.

"ಬೇಡಕ್ಕಾ. ಮೊದಮೊದಲ ಹಾಲಲ್ಲೇ ಪ್ರೋಟೀನ್ ಜಾಸ್ತಿಯಂತೆ, ಬರ್ತಾ ಬರ್ತಾ ಕಮ್ಮಿ ಆಗುತ್ತಂತೆ. ನರ್ಸ್ ಹೇಳಿದ್ರು. ನಿಂದು ನಿನ್ನ ಗುಂಡು ಮರಿಗೆ ಸರಿ. ನನ್ನ ಮಗು ಬೆಳೀಬೇಕಲ್ಲ, ಅದಕ್ಕೆ ಇದೇ ಬೇಕು."

"ಒಂದು ಚಮಚಕ್ಕೆ ಎಷ್ಟು ಜಂಬ ನೋಡು!"

ಬಾಗಿಲಿಗೆ ಬಂದ ದಳದವನು ಬಾಟಲಿ ಎತ್ತಿ ನೋಡಿದ. "ಇಷ್ಟೇನಮ್ಮಾ?"

"ಇವತ್ತಿಗೆ ಇಷ್ಟೇ. ಒಂದು ಹನಿನೂ ಚೆಲ್ಲಬೇಡಪ್ಪ."

ಅವನು ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಹೋದ. ಜುಸಿಲೇನಿ ಒಳಗೆ ಬಂದು ಮುಂದಿನ ಹಾಲಿಗೆಂದು ಇನ್ನೊಂದು ಖಾಲಿ ಬಾಟಲಿಯನ್ನು ನೀರಿನಲ್ಲಿ ಕುದಿಸಲು ಇಟ್ಟಳು. ಅಕ್ಕ ಒಲೆಯ ಉರಿ ಹೆಚ್ಚಿಸಿದಳು.