ಅವ್ವ ತೋರಿಸಿದ ಯುಗಾದಿ ಚಂದ್ರ

ಆಕಾಶದ ವಿಷಯದಲ್ಲಿ ನಮ್ಮವ್ವನಿಗೆ ಸರಿಸಾಟಿ ಯಾರೂ ಇಲ್ಲವೆಂದು ನಾನು ಜಂಬದಿಂದಲೇ ಹೇಳುತ್ತೇನೆ. ಬಿರುಬೇಸಿಗೆಯ ಒಂದು ನಡುಮಧ್ಯಾಹ್ನ ನಮ್ಮ ನೆರಳು ಕಾಲಡಿಯಲ್ಲೇ ಅಡಗುವುದನ್ನು ಅಂಗಳಕ್ಕೆ ಕರೆದು ತೋರಿಸಿದವಳು ಅವಳು. ಕಾರ್ತಿಕದ ಸಂಜೆ ಮೂಡಣದಲ್ಲಿ ಕೃತ್ತಿಕೆಯ ಗೊಂಚಲು ಹುಡುಕಲು ಕಲಿಸಿದವಳೂ ಅವಳೇ. ಗಣೇಶ ಚೌತಿಯಂದು ಮಾತ್ರ ತಲೆ ಎತ್ತಗೊಡುತ್ತಿರಲಿಲ್ಲ. ಅಂದು ಚಂದ್ರನನ್ನು ಕಂಡವರಿಗೆ ಕಳ್ಳತನದ ಅಪವಾದ ತಪ್ಪದಂತೆ.

ಎಲ್ಲಕ್ಕಿಂತ ದೊಡ್ಡದು ಯುಗಾದಿಯ ಮರುದಿನದ ಸಂಜೆ. ಚಿತ್ತವಾಡ್ಗಿಯ ನಮ್ಮ ಓಣಿಯವರೆಲ್ಲ ಮಾಳಿಗೆ ಹತ್ತಿ, ಪಡುವಣದ ಡ್ಯಾಮಿನ ಕಡೆ ಮುಖ ಮಾಡಿ, ಎಳೆಯಂಥ ಹೊಸ ಚಂದ್ರನನ್ನು ಹುಡುಕುತ್ತೇವೆ. ಕಂಡ ಮೇಲೆ ಹಿರಿಯರ ಕಾಲಿಗೆ ಬೀಳುವುದು ಪದ್ಧತಿ. ಪ್ರತಿವರ್ಷ ಮೊದಲು ಏಳುವುದು ಅವ್ವನ ಬೆರಳೇ.

ಈಚೆಗೆ ಅವಳ ಕಣ್ಣಿಗೆ ಪೊರೆ ಬಂದಿತ್ತು. ಮನೆಗೆ ಬಂದ ಬೀಗರನ್ನೇ ಹಾಲಿನವನೆಂದು ತಿಳಿದು, ತಡವಾಯಿತೆಂದು ಗದರಿಸಿದ್ದಳು. ಹೀಗೇ ಬಿಟ್ಟರೆ ಇರುವ ದೃಷ್ಟಿಯೂ ಹೋದೀತೆಂದು ಡಾಕ್ಟರು ಎಚ್ಚರಿಸಿದರೂ ಆಪರೇಷನ್ನಿಗೆ ಒಪ್ಪಲಿಲ್ಲ.

"ಯುಗಾದಿ ಚಂದ್ರನ್ನ ನಾನ ಮೊದಲು ತೋರಿಸಿದ್ರ ಆಪರೇಷನ್ ಮಾತು ಎತ್ತಬ್ಯಾಡ. ಸೋತ್ರ ನೀ ಹೇಳ್ದಂಗ" ಎಂದು ಪಂಥ ಕಟ್ಟಿದಳು. ಗೆಲುವು ನನ್ನದೇ ಎಂದುಕೊಂಡು ಒಪ್ಪಿದೆ.

ಆ ಸಂಜೆ ಸೂರ್ಯ ಮುಳುಗಿ, ನಾವೆಲ್ಲ ಕಣ್ಣು ಕಿರಿದು ಮಾಡಿ ಹುಡುಕುತ್ತಿರುವಾಗಲೇ ಅವ್ವನ ಬೆರಳು ಎದ್ದಿತು.

"ಅಲ್ನೋಡ್ರಿ, ಬೇವಿನ ಗಿಡದ ಮ್ಯಾಲ!"

ನಿಜಕ್ಕೂ ಚಂದ್ರ ಅಲ್ಲೇ ಇದ್ದ. ಓಣಿಯವರು ಅವಳ ಕಾಲಿಗೆ ಬೀಳಲು ಮುಗಿಬಿದ್ದರು. ನನಗೆ ಹೆಮ್ಮೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಕೊಟ್ಟ ಮಾತು ತಪ್ಪುವಂತಿರಲಿಲ್ಲ.

ಅಷ್ಟರಲ್ಲಿ ಬುಕ್ಕಸಾಗರದಿಂದ ಸೋದರಮಾವನ ಫೋನು ಬಂತು. ಅವನು ಭತ್ತ ಬೆಳೆಯುವವನು. ಅಲ್ಲಿ ಹಂಪಿಯ ಗುಡ್ಡಗಳು ಪಡುವಣವನ್ನು ಮುಚ್ಚುವುದರಿಂದ ಎಳೆ ಚಂದ್ರ ಕಾಣುವುದಿಲ್ಲ. ಹೊಸ ಚಂದ್ರನ ಯಾವ ಕೋಡು ಎತ್ತರವಿದೆ ಎಂಬುದರ ಮೇಲೆ ಆ ವರ್ಷದ ಮಳೆ ಅಂದಾಜಿಸುವುದು ಅಲ್ಲಿಯ ರೈತರ ರೂಢಿ.

"ಅಕ್ಕಾ, ಯಾವ ಕೋಡು ಎತ್ತರ ಐತಿ?"

ಅವ್ವ ಬಾಯಿಗೆ ಬಂದದ್ದು ಹೇಳಿದ್ದರೂ ಮಾವ ನಂಬುತ್ತಿದ್ದ. ಆದರೆ ಅವಳು ಎಲ್ಲರೆದುರೇ ಫೋನನ್ನು ನನ್ನ ಕೈಗಿಟ್ಟಳು.

"ನೀನ ನೋಡಿ ಹೇಳು. ಎಲ್ಲಿ ಮೂಡ್ತಾನ ಅಂತ ಗೊತ್ತಿತ್ತು, ಬೆರಳು ತೋರಿಸಿದೆ. ಖರೇ ಅಂದ್ರ ನನಗ ಏನೂ ಕಾಣವಲ್ದು. ಬಿತ್ತೋರಿಗೆ ಸುಳ್ಳು ಹೇಳಬಾರದು. ನಾಳೆ ದವಾಖಾನಿಗೆ ಕರ್ಕೊಂಡು ಹೋಗು."

ಗೆದ್ದ ಪಂಥವನ್ನು ಹೀಗೆ ಬಿಟ್ಟುಕೊಡಲು ನನ್ನಿಂದಂತೂ ಆಗುತ್ತಿರಲಿಲ್ಲ. ಮಾವನಿಗೆ ಉತ್ತರ ಹೇಳಿ ಅವಳ ಕಾಲಿಗೆ ಬಿದ್ದೆ. ಆಶೀರ್ವದಿಸಲು ಬಂದ ಅವಳ ಕೈ ನನ್ನ ತಲೆ ಎಲ್ಲಿದೆಯೆಂದು ತಡಕಾಡಿತು.