ತಲಾ ಒಂದೇ ಫೋಟೋ

ಬಸ್ಸಿನಲ್ಲಿ ಯಾರಾದರೂ ಕ್ಯಾಮೆರಾದ ಮೇಲೆ ಕೂತುಬಿಡಬಹುದಿತ್ತು. ಅದರ ಹಿಂಬದಿ ತಾನಾಗಿ ತೆರೆದುಕೊಂಡು ರೀಲಿಗೆ ಬಿಸಿಲು ಬಡಿಯಬಹುದಿತ್ತು. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಕೊನೇ ಗಳಿಗೆಯಲ್ಲಿ ಒಲ್ಲೆನೆಂದು ಎದ್ದು ಹೋಗಬಹುದಿತ್ತು. ಜಮಖಂಡಿಯ ಬೇಸಿಗೆಗೆ ರೀಲು ತೊಳೆಯುವ ಡೆವಲಪರ್ ಕಾದು ರೀಲಿನ ಮೇಲಿನ ಚಿತ್ರವೆಲ್ಲ ಕರಗಿಹೋಗಬಹುದಿತ್ತು. ಕತ್ತಲೆ ಕೋಣೆಯ ಬಾಗಿಲನ್ನು ಕಾಲೇಜಿನ ಸಿಪಾಯಿ ಚಹಾ ತಂದೆನೆಂದು ದೂಡಬಹುದಿತ್ತು...

ಮೊನ್ನೆ ಟ್ರಂಕು ತೆರೆದಾಗ ಹಳೆಯ ಲಕೋಟೆಯಿಂದ ಫೋಟೋ ತೊಳೆಯುವ ಹೈಪೋದ ಹುಳಿ ವಾಸನೆ ಬಂತು. ಇಪ್ಪತ್ತು ವರ್ಷದ ಹಿಂದಿನ ಚಿಂತೆಗಳೆಲ್ಲ ಎದ್ದು ನಿಂತವು. ಟ್ರಂಕು ತೆರೆಯಲು ಕಾರಣ ನಮ್ಮ ಫೋಟೋಗ್ರಫಿ ಸರ್ ಅವರ ಮಗಳು. ಸರ್ ತೀರಿಕೊಂಡು ತಿಂಗಳಾಗಿತ್ತು. ಗೋಡೆಗೆ ಹಾಕಲು ಅವರದೊಂದು ಫೋಟೋ ಮನೆಯಲ್ಲಿ ಇಲ್ಲ, ನಿಮ್ಮಲ್ಲಿ ಇದೆಯೇ ಎಂದು ಕೇಳಿಕೊಂಡು ಬಂದಿದ್ದಳು.

ಜಮಖಂಡಿಯ ನಮ್ಮ ಕಾಲೇಜಿಗೆ ಬರುವ ಮುಂಚೆ ಸರ್ ರಬಕವಿಯಲ್ಲಿ ಸ್ಟುಡಿಯೋ ಇಟ್ಟಿದ್ದರು. ನಮ್ಮ ಕಡೆ ಸತ್ತವರನ್ನು ಕೂರಿಸಿ, ಹಾರ ಹಾಕಿ, ಮನೆಮಂದಿಯೆಲ್ಲ ಸುತ್ತ ನಿಂತು ಫೋಟೋ ತೆಗೆಸುತ್ತಿದ್ದರು. ಎಷ್ಟೋ ಜನರಿಗೆ ಅದೇ ಮೊದಲನೆಯದು, ಅದೇ ಕಡೆಯದು. ಸೈಕಲ್ ಮೇಲೆ ಊರೂರು ತಿರುಗಿ ಅದನ್ನೇ ತೆಗೆದು ತೆಗೆದು ಸಾಕಾಗಿ ಸರ್ ಮಾಸ್ತರಾದರು. ಹಾಗಾಗಿ ಅವರ ಪಾಠ ಒಂದೇ: ಒಮ್ಮೆಯೂ ಫೋಟೋ ತೆಗೆಸದವರು ಮನೆಯಲ್ಲಿ ಯಾರಿದ್ದಾರೋ ಅವರನ್ನು ಉಸಿರಿರುವಾಗ ತೆಗೆಯಬೇಕು. ಉಳಿದದ್ದೆಲ್ಲ ನಮಗೆ ಕಾಟ. ಮೂರು ತಿಂಗಳು ಖಾಲಿ ಕ್ಯಾಮೆರಾ ಒತ್ತಿಸಿದರು. ಆಮೇಲೆ ಹನ್ನೆರಡು ಫೋಟೋದ ಒಂದು ರೀಲು, ಹನ್ನೆರಡು ಹುಡುಗರು, ತಲಾ ಒಂದೇ. ಇನ್ನೊಂದು ಕೊಡಿ ಸರ್ ಎಂದು ನಾನು ಬೇಡಿಕೊಂಡರೆ, “ಎರಡನೇದ ಐತಿ ಅಂತ ಗೊತ್ತಾದ್ರ ಮೊದಲನೇದ ಯಾಂವ ನೆಟ್ಟಗ ತಗೀತಾನ?” ಎಂದರು. ಇಂಥವರ ಜೊತೆ ಏನು ವಾದ ಮಾಡುವುದು?

ನನ್ನ ಸರದಿ ಕಡೆಯದು. ಮುಧೋಳ, ಬೀಳಗಿ, ಬನಹಟ್ಟಿಯ ಹನ್ನೊಂದು ಮುದುಕ ಮುದುಕಿಯರು ಆಗಲೇ ರೀಲಿನೊಳಗೆ ಕೂತಿದ್ದರು. ನಾನು ಕೆಡಿಸಿದರೆ ಅಷ್ಟೂ ಜನ ಹೋದಂತೆ! ನನಗೆ ಊಟ ಸೇರಲಿಲ್ಲ. ದಿನಕ್ಕೆ ನಾಲ್ಕು ಸಲ ಸರ್ ಮನೆಗೆ ಹೋಗಿ ಸಂಶಯ ಕೇಳಿದೆ. ಅವರೂ ಬೇಸತ್ತು ನನ್ನೊಡನೆ ನಮ್ಮೂರು ಹುನ್ನೂರಿಗೆ ಬಂದರು.

ಫೋಟೋದವರು ಎಂದು ಕೇಳಿದ್ದೇ ಆಯಿ ಮುಖ ಬಿಗಿದುಕೊಂಡಳು. “ನಾ ಇನ್ನೂ ಸತ್ತಿಲ್ರೀ ಮಾಸ್ತರ. ಸತ್ತಾಗ ಬರ್ರಿ.”

“ಆಗ ಬಂದ್ರ ನೀವು ಹಿಂಗ ಬೈಯೂದಿಲ್ಲಲ್ಲ ಆಯಿ,” ಎಂದರು ಸರ್. “ಅದಕ್ಕ ಈಗ ಬಂದೇನಿ.”

ಆಯಿ ನಕ್ಕು ಕಟ್ಟೆಯ ಮೇಲೆ ಕೂತಳು. ಮುಖದ ಒಂದು ಬದಿಗೆ ನೆರಳಿತ್ತು. ಸರ್ ಹಗ್ಗದ ಮೇಲಿನ ಬಿಳಿ ಧೋತರ ಎಳೆದುಕೊಂಡು, ಎರಡೂ ಕೈಯಲ್ಲಿ ಹರವಿ ಹಿಡಿದು, ಬಿಸಿಲನ್ನು ಆಕೆಯ ಕೆನ್ನೆಗೆ ತಿರುಗಿಸಿದರು. ನಾನು ಲೆನ್ಸು ಹೊಂದಿಸುತ್ತಲೇ ಇದ್ದೆ. “ಒತ್ತಲೇ, ನನ್ನ ಕೈ ಬಿದ್ದ ಹೋದುವು,” ಎಂದು ಅವರು ರೇಗಿದಾಗ ಒತ್ತಿದೆ.

ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಕ್ಯಾಂಡಿ ಮಾರುವವನಿಂದ ಐಸು ತಂದು ಡೆವಲಪರ್ ತಣಿಸಿದೆವು. ಹನ್ನೆರಡೂ ಬಂದವು. ಆಯಿಯ ಮುಖದ ಒಂದೊಂದು ಗೆರೆಯೂ ಬೆಳಗಿತ್ತು. ಆದರೆ ಅಂಚಿನಲ್ಲಿ ಧೋತರ ಹಿಡಿದ ಸರ್ ಕೂಡ ಬಂದಿದ್ದರು, ನನ್ನತ್ತ ಹುಬ್ಬು ಗಂಟಿಕ್ಕಿಕೊಂಡು. ಪ್ರಿಂಟು ನೋಡಿ, “ನಾ ಯಾಕ ಇದರಾಗ? ಕತ್ತರಸು,” ಎಂದರು.

ಆ ರೀಲು ಕಾಲೇಜಿನಲ್ಲೇ ಉಳಿಯಿತು, ಈಗ ಅದರ ಸುಳಿವಿಲ್ಲ. ಲಕೋಟೆಯ ಪ್ರಿಂಟನ್ನು ಅವರ ಮಗಳ ಕೈಗೆ ಕೊಟ್ಟೆ. ಆಕೆ ಬಹಳ ಹೊತ್ತು ನೋಡಿ, “ಅಪ್ಪ ಎಲ್ಲಿ ಅದಾರ್ರೀ ಇದರಾಗ?” ಎಂದಳು. ಆಯಿಯ ಬೆಳಗಿದ ಕೆನ್ನೆ ತೋರಿಸಿ, ಆ ಬೆಳಕು ಅವರದು ಎಂದೆ. ಅದನ್ನು ಗೋಡೆಗೆ ಹಾಕಲು ಬರುತ್ತದೆಯೇ... ಅಂಚನ್ನು ನಾನು ಸ್ಕೇಲು ಇಟ್ಟು ಕತ್ತರಿಸಿದ್ದೆ. ಅವರ ಬೆರಳ ತುದಿಯೂ ಉಳಿದಿರಲಿಲ್ಲ.